ಬಿಪಿ ಮಾತ್ರೆ, ಇನ್‌ಹೇಲರ್ ಮತ್ತು ಮಾಸ್ಟರ್ಸ್ ರೇಸ್: ವೈದ್ಯರ ಚೀಟಿಯೊಂದೇ ಸಾಕೇ?

ನಮಸ್ಕಾರ. ವಯಸ್ಸು 46, ಆಸ್ತಮಾಕ್ಕೆ ಸಾಲ್ಬುಟಮಾಲ್ ಇನ್‌ಹೇಲರ್, ರಕ್ತದೊತ್ತಡಕ್ಕೆ ಬೆಳಿಗ್ಗೆ ಒಂದು ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ, ಎರಡು ತಿಂಗಳ ನಂತರ ರಾಜ್ಯ ಮಟ್ಟದ ಮಾಸ್ಟರ್ಸ್ (ಹಿರಿಯ ವಯೋವರ್ಗದ) ಸೈಕ್ಲಿಂಗ್ ಟೈಮ್ ಟ್ರಯಲ್ ಎಂದು ನಮ್ಮ ಗುಂಪಿನಲ್ಲಿ ಬರೆದಿದ್ದೀರಿ. ನಾನು ಹವ್ಯಾಸಿ, ವೈದ್ಯರ ಚೀಟಿ ಇದೆ, ಅಷ್ಟು ಸಾಲದೇ, ಸಾಲದಿದ್ದರೆ ರೇಸಿಗೆ ಒಂದು ವಾರ ಮೊದಲು ಮಾತ್ರೆ ನಿಲ್ಲಿಸಲೇ ಎಂಬುದು ನಿಮ್ಮ ಪ್ರಶ್ನೆ. ಮೊದಲ ಮಾತು, ವೈದ್ಯರನ್ನು ಕೇಳದೆ ಬಿಪಿ ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಔಷಧವಿಲ್ಲದೆ ಏರಿದ ರಕ್ತದೊತ್ತಡದೊಂದಿಗೆ ನಲವತ್ತು ನಿಮಿಷ ಪೂರ್ಣ ಶಕ್ತಿಯಲ್ಲಿ ಪೆಡಲ್ ತುಳಿಯುವುದು ಯಾವ ಪದಕಕ್ಕೂ ತಕ್ಕ ಬೆಲೆಯಲ್ಲ. ನಾನು ವೈದ್ಯನಲ್ಲ, ನಿಷೇಧಿತ ಔಷಧವನ್ನು ಚಿಕಿತ್ಸೆಗಾಗಿ ಬಳಸಲು ಅನುಮತಿ ಕೇಳುವ ಸವಾರರ ಅರ್ಜಿಗಳಿಗೆ ಕಾಗದಪತ್ರ ಹೊಂದಿಸಲು ನೆರವಾಗುವವನು. ಆದ್ದರಿಂದ ನಿಯಮದ ಮಟ್ಟಿಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ. ಔಷಧದ ತೀರ್ಮಾನ ನಿಮ್ಮ ವೈದ್ಯರದು.

ಹವ್ಯಾಸಿ ಎಂಬ ಕಾರಣಕ್ಕೆ ಉದ್ದೀಪನ ಮದ್ದಿನ ನಿಯಮ ನಿಮಗೆ ತಾಗುವುದಿಲ್ಲ ಎಂದುಕೊಳ್ಳಬೇಡಿ. ರಾಷ್ಟ್ರೀಯ ಫೆಡರೇಶನ್ನಿನ ಅಥವಾ ಅದಕ್ಕೆ ಸೇರಿದ ರಾಜ್ಯ ಸಂಸ್ಥೆಯ ಅಡಿಯಲ್ಲಿ ನಡೆಯುವ ಸ್ಪರ್ಧೆಗೆ ಹೆಸರು ಕೊಟ್ಟ ಯಾರ ಮಾದರಿಯನ್ನಾದರೂ ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ತೆಗೆದುಕೊಳ್ಳಬಹುದು. ವಯಸ್ಸಿಗೂ ರಿಯಾಯಿತಿ ಇಲ್ಲ. 2018ರಲ್ಲಿ ಅಮೆರಿಕದ ಮಾಸ್ಟರ್ಸ್ ಟ್ರ್ಯಾಕ್ ಚಾಂಪಿಯನ್‌ಶಿಪ್‌ನಲ್ಲಿ 90 ವರ್ಷದ ಸವಾರರೊಬ್ಬರ ಮೂತ್ರದಲ್ಲಿ ನಿಷೇಧಿತ ವಸ್ತುವಿನ ಅಂಶ ಸಿಕ್ಕಿತ್ತು. ಅದು ತಿಂದ ಮಾಂಸದಿಂದ ಬಂದಿರುವ ಸಾಧ್ಯತೆಯೇ ಹೆಚ್ಚೆಂದು ಅಲ್ಲಿನ ಸಂಸ್ಥೆಯೇ ಒಪ್ಪಿ ಎಚ್ಚರಿಕೆಯಷ್ಟೇ ಕೊಟ್ಟಿತು, ಆದರೂ ಆ ದಿನದ ಫಲಿತಾಂಶ ರದ್ದಾಯಿತು.

ಇನ್ನು ನಿಮ್ಮ ಎರಡು ಔಷಧಗಳ ವಿಚಾರ. ಇನ್‌ಹೇಲರಿನ ಸಾಲ್ಬುಟಮಾಲ್‌ಗೆ ಮಿತಿಯೊಳಗೆ ಅನುಮತಿ ಇದೆ: 24 ಗಂಟೆಗಳಲ್ಲಿ ಒಟ್ಟು 1600 ಮೈಕ್ರೋಗ್ರಾಂ, ಅದರಲ್ಲೂ ಯಾವುದೇ 8 ಗಂಟೆಗಳಲ್ಲಿ 600 ಮೈಕ್ರೋಗ್ರಾಂ ಮೀರುವಂತಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್‌ಹೇಲರಿನಲ್ಲಿ ಒಂದು ಪಫ್‌ಗೆ 100 ಮೈಕ್ರೋಗ್ರಾಂ ಇರುವುದರಿಂದ, ಎಂಟು ಗಂಟೆಗೆ ಆರು ಪಫ್, ಇಡೀ ದಿನಕ್ಕೆ ಒಟ್ಟು ಹದಿನಾರು ಎಂದು ನೆನಪಿಟ್ಟುಕೊಳ್ಳಿ. ಅದೇ ಔಷಧವನ್ನು ನೆಬ್ಯುಲೈಸರಿನಲ್ಲಿ ತೆಗೆದುಕೊಂಡರೆ ಲೆಕ್ಕವೇ ಬೇರೆ, ಸಾಮಾನ್ಯವಾದ 2.5 ಮಿಲಿಗ್ರಾಂನ ಒಂದೇ ಡೋಸು 2500 ಮೈಕ್ರೋಗ್ರಾಂ ಆಗಿ, ಇಡೀ ದಿನದ ಮಿತಿಯನ್ನು ಒಂದೇ ಸಲಕ್ಕೆ ದಾಟುತ್ತದೆ.

ತೊಡಕು ಇರುವುದು ಬಿಪಿ ಮಾತ್ರೆಯಲ್ಲಿ. ಟೆಲ್ಮಿಸಾರ್ಟನ್ ವಾಡಾದ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ, ನಿಷೇಧಿತ ಪಟ್ಟಿಯಲ್ಲಿ ಇಲ್ಲ. ಆದರೆ ಅದರ ಜೊತೆಗಿರುವ ಹೈಡ್ರೋಕ್ಲೋರೋಥಯಾಜೈಡ್ ಮೂತ್ರ ಹೆಚ್ಚಿಸುವ ಔಷಧ. ಈ ಗುಂಪಿನ ಔಷಧಗಳು ಮೂತ್ರವನ್ನು ತೆಳುವಾಗಿಸಿ ಬೇರೆ ಮದ್ದಿನ ಕುರುಹನ್ನು ಮರೆಮಾಡಬಲ್ಲವು, ದೇಹದ ನೀರನ್ನು ಇಳಿಸಿ ತೂಕವನ್ನೂ ತಗ್ಗಿಸಬಲ್ಲವು. ಆದ್ದರಿಂದ ಸ್ಪರ್ಧೆಯ ದಿನ ಮಾತ್ರವಲ್ಲ, ವರ್ಷದ ಎಲ್ಲ ದಿನವೂ ಅವು ನಿಷೇಧಿತವೇ. ಒಂದು ವಾರ ಮೊದಲು ನಿಲ್ಲಿಸುವ ಯೋಚನೆ ನಿಯಮದ ಕಣ್ಣಿನಲ್ಲೂ ಉಪಯೋಗಕ್ಕೆ ಬರುವುದಿಲ್ಲ.

ಇಲ್ಲಿ ಬಹಳ ಜನ ಗಮನಿಸದ ಇನ್ನೊಂದು ನಿಯಮವಿದೆ, ಅದು ನೇರವಾಗಿ ನಿಮಗೇ ಅನ್ವಯಿಸುತ್ತದೆ. ಸಾಲ್ಬುಟಮಾಲ್, ಫಾರ್ಮೋಟೆರಾಲ್, ಸ್ಯೂಡೋಎಫೆಡ್ರಿನ್ ಮುಂತಾದ, ಮಿತಿಯೊಳಗೆ ಅನುಮತಿ ಇರುವ ಔಷಧಗಳು ಮೂತ್ರ ಹೆಚ್ಚಿಸುವ ಔಷಧದೊಂದಿಗೆ ಒಂದೇ ಮಾದರಿಯಲ್ಲಿ ಕಂಡುಬಂದರೆ ಆ ಮಿತಿಯ ರಕ್ಷಣೆಯೇ ಹೋಗುತ್ತದೆ. ಆಗ ಮಾತ್ರೆಗೆ ಚಿಕಿತ್ಸಾ ವಿನಾಯಿತಿ, ಅಂದರೆ ಕಾಯಿಲೆಯ ಕಾರಣಕ್ಕೆ ನಿಷೇಧಿತ ಔಷಧ ಬಳಸಲು ಕೊಡುವ ಅನುಮತಿ, ಪಡೆದಿದ್ದರೂ ಸಾಲದು, ಇನ್‌ಹೇಲರಿಗೂ ಪ್ರತ್ಯೇಕ ವಿನಾಯಿತಿ ಇರಬೇಕು. ಅಂದರೆ ನೀವು ಈಗಿರುವಂತೆಯೇ ಮುಂದುವರಿದರೆ ಎರಡು ಕಾಯಿಲೆಗಳಿಗೆ ಎರಡು ಕಡತ ಸಿದ್ಧಪಡಿಸಬೇಕಾಗುತ್ತದೆ.

ಈ ಕಾರಣಕ್ಕೆ ನನ್ನ ಸ್ಪಷ್ಟ ಅಭಿಪ್ರಾಯವೆಂದರೆ, ಅರ್ಜಿ ನಮೂನೆಯನ್ನು ಹುಡುಕುವ ಮೊದಲು ವೈದ್ಯರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಮಾತ್ರೆಯ ಸ್ಟ್ರಿಪ್ಪನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ನಮ್ಮ ಅಂಗಡಿಗಳಲ್ಲಿ ಸಿಗುವ ಬಿಪಿ ಮಾತ್ರೆಗಳ ಬ್ರಾಂಡ್ ಹೆಸರಿನ ಕೊನೆಗೆ ಬರುವ ‘ಎಚ್’ ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಾಜೈಡನ್ನೂ, ‘ಸಿಟಿ’ ಎಂಬುದು ಅದೇ ಬಗೆಯ, ಅಷ್ಟೇ ನಿಷೇಧಿತವಾದ ಕ್ಲೋರ್‌ಥಾಲಿಡೋನನ್ನೂ, ‘ಎಎಂ’ ಎಂಬುದು ಅಮ್ಲೋಡಿಪಿನನ್ನೂ ಸೂಚಿಸುತ್ತದೆ. ಅಮ್ಲೋಡಿಪಿನ್‌ಗೆ ನಿಷೇಧವಿಲ್ಲ. ಆದರೆ ಅಕ್ಷರವನ್ನು ನಂಬಿ ಕೂರದೆ ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿರುವ ಔಷಧದ ಮೂಲ ಹೆಸರುಗಳನ್ನು ಒಂದೊಂದಾಗಿ ಓದಿ ಬರೆದುಕೊಳ್ಳಿ. ಪಟ್ಟಿಯಲ್ಲಿಲ್ಲದ ಔಷಧದಿಂದಲೇ ನಿಮ್ಮ ಬಿಪಿ ಹಿಡಿತಕ್ಕೆ ಬರುತ್ತದೆಯೇ ಎಂದು ಕೇಳಿ. ಬರುತ್ತದೆ ಎಂದು ಅವರು ಬದಲಾಯಿಸಿದರೆ ಮಾತ್ರೆಯ ಅರ್ಜಿಯೂ ಬೇಡ, ಇನ್‌ಹೇಲರಿಗೂ ಮತ್ತೆ ಆ ಆರು ಪಫ್ಪಿನ ಮಿತಿಯ ರಕ್ಷಣೆ ಸಿಗುತ್ತದೆ. ಹೊಸ ಔಷಧ ದೇಹಕ್ಕೆ ಒಗ್ಗಲು ಸಮಯ ಬೇಕಾದ್ದರಿಂದ ಈ ಕೆಲಸವನ್ನು ಈ ವಾರವೇ ಮಾಡಿ.

ಬದಲಾಯಿಸಲು ಸಾಧ್ಯವಿಲ್ಲ ಎಂದು ವೈದ್ಯರು ಹೇಳಿದರೆ ಆಗ ಚಿಕಿತ್ಸಾ ವಿನಾಯಿತಿಯ ಪ್ರಶ್ನೆ ಬರುತ್ತದೆ. ಸಮಿತಿ ನೋಡುವ ಅಂಶಗಳು ನಾಲ್ಕು. ಕಾಯಿಲೆ ಇರುವುದಕ್ಕೆ ವೈದ್ಯಕೀಯ ಪುರಾವೆ ಇರಬೇಕು. ಔಷಧ ನಿಮ್ಮನ್ನು ಸಹಜ ಆರೋಗ್ಯಕ್ಕೆ ತರಬೇಕೇ ಹೊರತು ಅದಕ್ಕಿಂತ ಹೆಚ್ಚಿನ ಸಾಮರ್ಥ್ಯ ಕೊಡುವಂತಿರಬಾರದು. ಆ ಕಾಯಿಲೆಗೆ ಅದು ಸರಿಯಾದ ಚಿಕಿತ್ಸೆಯಾಗಿದ್ದು, ಅನುಮತಿ ಇರುವ ಬೇರೆ ಔಷಧ ಸೂಕ್ತವಾಗುವುದಿಲ್ಲ ಎಂದು ತೋರಿಸಬೇಕು. ಹಿಂದೆ ವಿನಾಯಿತಿ ಇಲ್ಲದೆ ನಿಷೇಧಿತ ಮದ್ದು ಬಳಸಿದ್ದರಿಂದಲೇ ಈ ಔಷಧದ ಅಗತ್ಯ ಉಂಟಾಗಿರಬಾರದು. ಬರೀ ಚೀಟಿ ಸಾಲದು ಎಂದು ನಾನು ಹೇಳುವುದು ಇದಕ್ಕೇ. ಚೀಟಿಯಲ್ಲಿ ಔಷಧದ ಹೆಸರಿರುತ್ತದೆ, ಈ ನಾಲ್ಕರಲ್ಲಿ ಒಂದಕ್ಕೂ ಉತ್ತರ ಇರುವುದಿಲ್ಲ. ಬಿಪಿಯ ಹಳೆಯ ಅಳತೆಗಳು, ಹಿಂದೆ ಕೊಟ್ಟ ಔಷಧಗಳು ಯಾಕೆ ಫಲಿಸಲಿಲ್ಲ ಎಂಬ ವೈದ್ಯರ ಪತ್ರ, ಆಸ್ತಮಾದ ಕಡತಕ್ಕೆ ಇನ್‌ಹೇಲರ್ ಕೊಡುವ ಮೊದಲು ಮತ್ತು ಕೊಟ್ಟ ನಂತರ ಮಾಡಿದ ಸ್ಪೈರೋಮೆಟ್ರಿ (ಉಸಿರಾಟದ ಸಾಮರ್ಥ್ಯ ಅಳೆಯುವ ಪರೀಕ್ಷೆ) ವರದಿ, ಔಷಧದ ಪ್ರಮಾಣ, ತೆಗೆದುಕೊಳ್ಳುವ ವಿಧಾನ ಮತ್ತು ಅವಧಿ, ಇವೆಲ್ಲ ಓದಲು ಬರುವಂತೆ ಇರಲಿ. ಅರ್ಧಂಬರ್ಧ ಭರ್ತಿಯಾದ ಅರ್ಜಿ ವಾಪಸ್ ಬರುತ್ತದೆ.

ಸಾಮಾನ್ಯ ನಿಯಮದಂತೆ ಸ್ಪರ್ಧೆಗೆ ಕನಿಷ್ಠ 30 ದಿನ ಮೊದಲು ಅರ್ಜಿ ತಲುಪಬೇಕು, ಪೂರ್ಣ ಅರ್ಜಿ ಕೈಸೇರಿದ 21 ದಿನಗಳೊಳಗೆ ತೀರ್ಮಾನ ತಿಳಿಸಬೇಕು. ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಮಟ್ಟದ ವರ್ಗಕ್ಕೆ ಸೇರದ ಸವಾರರ ಮಾದರಿ ತೆಗೆದುಕೊಂಡರೆ, ಆಮೇಲೆ ವಿನಾಯಿತಿಗೆ ಅರ್ಜಿ ಹಾಕಲು ಅವರಿಗೆ ಅವಕಾಶ ಕೊಡಲೇಬೇಕು ಎಂದು 2021ರ ವಿಶ್ವ ಉದ್ದೀಪನ ಮದ್ದು ತಡೆ ಸಂಹಿತೆ ಹೇಳುತ್ತದೆ. ನಮ್ಮ ಗುಂಪಿನ ಹೆಚ್ಚಿನವರಿಗೆ ಇದೇ ದೊಡ್ಡ ಆಸರೆ. ಆದರೆ ಅದು ಅರ್ಜಿ ಹಾಕುವ ಹಕ್ಕು, ಒಪ್ಪಿಗೆಯ ಭರವಸೆ ಅಲ್ಲ. ಆಗಲೂ ಅದೇ ನಾಲ್ಕು ಅಂಶಗಳ ಮೇಲೆಯೇ ತೀರ್ಮಾನ. ನೀವು ಯಾವ ವರ್ಗಕ್ಕೆ ಸೇರುತ್ತೀರಿ, ಮೊದಲೇ ಅರ್ಜಿ ಹಾಕಬೇಕೇ ಎಂದು ಸ್ಪರ್ಧೆಯ ಹೆಸರು, ದಿನಾಂಕ ಬರೆದು ನಾಡಾಕ್ಕೆ ಇಮೇಲ್ ಮಾಡಿ, ಬಂದ ಉತ್ತರವನ್ನು ಜೋಪಾನವಾಗಿಡಿ.

ನಿಮ್ಮ ಪ್ರಶ್ನೆಗೆ ಸಂಬಂಧಿಸಿದ, ನಮ್ಮ ಊರುಗಳಲ್ಲಿ ಹೆಚ್ಚು ಅಪಾಯ ತರುವ ಕೆಲವು ಅಭ್ಯಾಸಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜ್ವರ, ಅಲರ್ಜಿ, ಮಂಡಿನೋವು ಎಂದು ಕ್ಲಿನಿಕ್ಕಿಗೆ ಹೋದಾಗ ‘ಒಂದು ಇಂಜೆಕ್ಷನ್ ಕೊಟ್ಟುಬಿಡಿ ಡಾಕ್ಟ್ರೇ’ ಎನ್ನುತ್ತೇವೆ, ಅದು ಯಾವುದೆಂದು ಕೇಳುವುದಿಲ್ಲ. ಅದು ಡೆಕ್ಸಾಮೆಥಸೋನಿನಂಥ ಸ್ಟೀರಾಯ್ಡ್ ಆಗಿರಬಹುದು. 2022ರ ಜನವರಿ 1ರಿಂದ, ಮಂಡಿಯ ಕೀಲಿನೊಳಗೆ ಕೊಡುವುದೂ ಸೇರಿ ಇಂಥ ಎಲ್ಲ ಇಂಜೆಕ್ಷನ್ನುಗಳೂ ಸ್ಪರ್ಧೆಯ ಅವಧಿಯಲ್ಲಿ ನಿಷೇಧಿತ, ಮತ್ತು ಆ ಅವಧಿ ಸ್ಪರ್ಧೆಯ ಹಿಂದಿನ ರಾತ್ರಿ 11:59ಕ್ಕೇ ಶುರುವಾಗುತ್ತದೆ. ಸ್ನಾಯುವಿಗೆ ಕೊಟ್ಟ ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡ್ ದೇಹದಿಂದ ಹೋಗಲು 60 ದಿನಗಳ ಅಂತರ ಬೇಕೆಂದು ವಾಡಾ ಸೂಚಿಸಿದೆ. ನಿಮ್ಮ ರೇಸಿಗೆ ಉಳಿದಿರುವುದೇ ಅಷ್ಟು. ಸುಸ್ತಿಗೆ ಡ್ರಿಪ್ಸ್ ಹಾಕಿಸಿಕೊಳ್ಳುವುದೂ ಹಾಗೆಯೇ: ಆಸ್ಪತ್ರೆಯ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಮತ್ತು ರೋಗಪತ್ತೆಯ ಸಂದರ್ಭಗಳನ್ನು ಬಿಟ್ಟರೆ 12 ಗಂಟೆಗಳಲ್ಲಿ 100 ಮಿಲಿಲೀಟರಿಗಿಂತ ಹೆಚ್ಚು ದ್ರವವನ್ನು ರಕ್ತನಾಳಕ್ಕೆ ಏರಿಸುವುದು ನಿಷೇಧಿತ, ಬಾಟಲಿಯಲ್ಲಿ ಬರೀ ಗ್ಲೂಕೋಸ್ ಇದ್ದರೂ. ಆಸ್ತಮಾ ಇರುವ ನೀವು ಕೆಮ್ಮಿನ ಸಿರಪ್ಪಿನ ಬಗ್ಗೆ ಇನ್ನೂ ಎಚ್ಚರವಾಗಿರಿ. ನಮ್ಮಲ್ಲಿನ ಅನೇಕ ಸಿರಪ್ಪುಗಳಲ್ಲಿ ಟರ್ಬ್ಯುಟಲಿನ್ ಅಥವಾ ಸಾಲ್ಬುಟಮಾಲ್ ಇರುತ್ತದೆ, ಮತ್ತು ಬಾಯಿಂದ ಕುಡಿಯುವ ಸಾಲ್ಬುಟಮಾಲ್‌ಗೆ ಇನ್‌ಹೇಲರಿನ ಮಿತಿ ಅನ್ವಯಿಸುವುದಿಲ್ಲ. ಬಿದ್ದು ಪೆಟ್ಟಾದಾಗ ಬರೆದುಕೊಡುವ ಟ್ರಮಡಾಲ್ ಕೂಡ 2024ರ ಜನವರಿಯಿಂದ ಸ್ಪರ್ಧೆಯ ಅವಧಿಯಲ್ಲಿ ನಿಷೇಧಿತ.

ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಹೊಸದಾಗುವುದರಿಂದ ಕಳೆದ ವರ್ಷ ನೋಡಿದ್ದೇನೆ ಎಂದು ಸುಮ್ಮನಾಗಬೇಡಿ. ರೇಸಿನ ದಿನ ಪರೀಕ್ಷೆಗೆ ಕರೆದರೆ ನಿರಾಕರಿಸಬೇಡಿ. ಕಳೆದ ಏಳು ದಿನಗಳಲ್ಲಿ ತೆಗೆದುಕೊಂಡ ಎಲ್ಲ ಔಷಧಗಳನ್ನೂ, ಇನ್‌ಹೇಲರಿನ ಪಫ್‌ಗಳನ್ನೂ ನಮೂನೆಯಲ್ಲಿ ಬರೆಯಿರಿ. ಹಾಗೆ ಬರೆಯುವುದು ವಿನಾಯಿತಿಗೆ ಸಮವಲ್ಲ, ಆದರೆ ಆಮೇಲೆ ಅರ್ಜಿ ಹಾಕಬೇಕಾಗಿ ಬಂದರೆ ನಿಮ್ಮ ಪ್ರಾಮಾಣಿಕತೆಗೆ ಅದೇ ಮೊದಲ ದಾಖಲೆ. ವೈದ್ಯರನ್ನು ಕಂಡ ಮೇಲೆ ಅವರು ಹೊಸ ಮಾತ್ರೆ ಕೊಟ್ಟರೆ ಅದರ ಮೂಲ ಹೆಸರುಗಳನ್ನು ಇಲ್ಲೇ ಬರೆಯಿರಿ, ಈ ವರ್ಷದ ಪಟ್ಟಿಯೊಂದಿಗೆ ಕೂಡಿಯೇ ನೋಡೋಣ. ನಿಮ್ಮ ಆಸ್ಪತ್ರೆಯ ವರದಿಗಳ ಫೋಟೋಗಳನ್ನು ಮಾತ್ರ ಗುಂಪಿನಲ್ಲಿ ಹಾಕಬೇಡಿ.