ಅಳುವೇ ಬರಲಿಲ್ಲ, ನಾನು ಕಲ್ಲಾದೆನಾ?

ಪ್ರಶ್ನೆ: ಮಕ್ಕಳ ವಾರ್ಡಿನಲ್ಲಿ ಆರು ವರ್ಷದಿಂದ ನರ್ಸ್ ಆಗಿದ್ದೇನೆ. ಮೊದಲೆಲ್ಲ ಸೂಜಿ ಚುಚ್ಚುವಾಗ ಮಗು ಅತ್ತರೆ ನನ್ನ ಕಣ್ಣೂ ತುಂಬುತ್ತಿತ್ತು. ಕಳೆದ ತಿಂಗಳು ನಾನೇ ನೋಡಿಕೊಳ್ಳುತ್ತಿದ್ದ ಮಗು ತೀರಿಕೊಂಡಿತು. ಏನೂ ಅನ್ನಿಸಲಿಲ್ಲ. ಪಕ್ಕದ ಮಗುವಿನ ಡ್ರಿಪ್ ನೋಡಲು ಹೋದೆ. ನನಗೇನಾಗಿದೆ?

ಉತ್ತರ: ಕಲ್ಲಾದವರು ಹೀಗೆ ಪತ್ರ ಬರೆಯುವುದಿಲ್ಲ ಬಿಡಿ. ನಾನೂ ಮಕ್ಕಳ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ಒಂದು ಸಾವಿನ ದಿನ ನಾನೂ ಸುಮ್ನೆ ಕೆಲಸ ಮುಗಿಸಿ ಮನೆಗೆ ಬಂದಿದ್ದೆ. ಮೂರು ವಾರದ ಮೇಲೆ ಯೂನಿಫಾರ್ಮ್ ಒಗೆಯುವಾಗ ಜೇಬಿನಲ್ಲಿ ಆ ಹುಡುಗ ಕೊಟ್ಟ ನಕ್ಷತ್ರದ ಸ್ಟಿಕರ್ ಸಿಕ್ಕಿತು. ಬಕೆಟ್ ಪಕ್ಕ ಕೂತು ಅತ್ತೆ, ಅತ್ತೆ.

ಇದಕ್ಕೆ ಕಂಪ್ಯಾಶನ್ ಫಟೀಗ್ ಎನ್ನುತ್ತಾರೆ, ಮರುಗಿ ಮರುಗಿ ಬರುವ ದಣಿವು. 1992ರಲ್ಲೇ ನರ್ಸ್‌ಗಳ ಬಗ್ಗೆ ಈ ಮಾತು ಬಳಸಿದ್ದರು. ಬರ್ನೌಟ್, ಅಂದರೆ ಕೆಲಸದ ಒತ್ತಡದಿಂದ ಪೂರ್ತಿ ಬಸವಳಿಯುವುದು, ಇದಕ್ಕೆ ಹತ್ತಿರದ್ದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆ ಎನ್ನಲಿಲ್ಲ, ಕೆಲಸದಿಂದ ಬರುವ ಸ್ಥಿತಿ ಎಂದಿತು. ಅಂದರೆ ನಿಮ್ಮ ಮನಸ್ಸನ್ನಷ್ಟೇ ಅಲ್ಲ, ಶಿಫ್ಟ್ ಪಟ್ಟಿಯನ್ನೂ ನೋಡಬೇಕು ಅಲ್ವಾ? (ಧ್ಯಾನ ಮಾಡಿ ಎಂದು ಕೈತೊಳೆದುಕೊಳ್ಳುವ ಮೇಲಿನವರನ್ನು ಕಂಡರೆ ನನಗೆ ಈಗಲೂ ಸಿಟ್ಟು.) ಕೆಲವು ವಾರ ತೀರಾ ಗಂಭೀರ ಮಕ್ಕಳನ್ನು ಒಬ್ಬರಿಗೇ ವಹಿಸಬೇಡಿ ಎಂದು ಹೆಡ್ ನರ್ಸನ್ನು ಕೇಳಿ.

ಸಾವಾದಾಗ ನಾವು ಮಂಚದ ಸುತ್ತ ಒಂದು ನಿಮಿಷ ನಿಲ್ಲುತ್ತಿದ್ದೆವು. ಮಗುವಿನ ಹೆಸರು ಹೇಳಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದೆವು. ನಿಮ್ಮ ವಾರ್ಡಿನಲ್ಲೂ ಶುರು ಮಾಡಿ. ನಿದ್ದೆ ಕೆಟ್ಟು, ಅದೇ ದೃಶ್ಯ ಕಣ್ಮುಂದೆ ಬರುತ್ತಿದ್ದರೆ ಮಾತ್ರ ಕಾಯಬೇಡಿ, ಆಪ್ತಸಮಾಲೋಚಕರನ್ನು ಕಾಣಿ.