ಹಾಡುಹಕ್ಕಿಗೂ ಕೆರೆಯ ಬ್ಯಾಕ್ಟೀರಿಯಾಕ್ಕೂ ಹೋಲಿಕೆ ಇದೆಯಾ?

ಝೀಬ್ರಾ ಫಿಂಚ್ ಹಕ್ಕಿಯನ್ನೂ ಕೆರೆ ನೀರಿನ ಮೈಕ್ರೋಸಿಸ್ಟಿಸ್ ಬ್ಯಾಕ್ಟೀರಿಯಾವನ್ನೂ ಹೋಲಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಲಿಸಬಹುದು.

ಗಾತ್ರದ ಮಾತು ಬೇಗ ಮುಗಿಯುತ್ತದೆ. ಹಕ್ಕಿಯ ತೂಕ ಸುಮಾರು 12 ಗ್ರಾಂ. ಬ್ಯಾಕ್ಟೀರಿಯಾ ಒಂದೇ ಕೋಶ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಹಕ್ಕಿಯ ಡಿಎನ್‌ಎಯಲ್ಲಿ ಸುಮಾರು 120 ಕೋಟಿ ಅಕ್ಷರಗಳಿದ್ದರೆ ಇದರಲ್ಲಿ 50 ಲಕ್ಷದ ಆಸುಪಾಸು.

ನನಗೆ ಜಾಸ್ತಿ ಇಷ್ಟವಾಗುವುದು ಇವು ಬದುಕುವ ರೀತಿ. ಗಂಡು ಫಿಂಚ್ ಮರಿ ಅಪ್ಪನ ಹಾಡು ಕೇಳಿಸಿಕೊಂಡು, ಮೊದಲು ಸುಮ್ನೆ ತೊದಲಿ, ಸುಮಾರು 90 ದಿನಕ್ಕೆ ತನ್ನ ಹಾಡನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಹಾಡು ಕೇಳದೆ ಬೆಳೆದರೆ ಅದರ ಹಾಡು ವಿಚಿತ್ರವಾಗಿರುತ್ತದೆ. ಬ್ಯಾಕ್ಟೀರಿಯಾಕ್ಕೆ ಅಪ್ಪನೂ ಇಲ್ಲ, ಪಾಠವೂ ಇಲ್ಲ. ಒಂದು ಸೀಳಿ ಎರಡಾಗುತ್ತದೆ, ಅಷ್ಟೇ.

ಹಾಗಂತ ಅದು ದಡ್ಡ ಅಲ್ಲ. ಅದರೊಳಗೆ ಗಾಳಿ ತುಂಬಿದ ಪುಟ್ಟ ಚೀಲಗಳಿವೆ, ಅವೇ ಅದನ್ನು ತೇಲಿಸುತ್ತವೆ. ಬಿಸಿಲಲ್ಲಿ ಸಕ್ಕರೆ ತಯಾರಿಸಿ ಕೂಡಿಟ್ಟುಕೊಂಡಾಗ ಭಾರವಾಗಿ ಕೆಳಗಿಳಿಯುತ್ತದೆ. ರಾತ್ರಿ ಅದನ್ನು ಖರ್ಚು ಮಾಡಿ ಹಗುರವಾಗಿ ಮತ್ತೆ ಮೇಲೆ ಬರುತ್ತದೆ. ಮೆದುಳಿಲ್ಲದ ಲಿಫ್ಟ್, ಅಲ್ವಾ? ಗಾಳಿಯಿಲ್ಲದ ಬೆಳಿಗ್ಗೆ ಕೆರೆಯ ಮೇಲೆ ಬಣ್ಣ ಚೆಲ್ಲಿದಂತೆ ಹಸಿರು ಪದರ ಕಾಣುವುದು ಹೀಗೇ. ಆ ನೀರು ಕುಡಿಯಬೇಡಿ. ಇದರ ಹಲವು ತಳಿಗಳು ಯಕೃತ್ತಿಗೆ ಹಾನಿ ಮಾಡುವ ವಿಷ ತಯಾರಿಸುತ್ತವೆ, ಕುದಿಸಿದರೂ ಅದು ಹೋಗುವುದಿಲ್ಲ.

ಇನ್ನು ನಂಟು. ಇಬ್ಬರ ಡಿಎನ್‌ಎಯಲ್ಲೂ ಅದೇ ನಾಲ್ಕು ಅಕ್ಷರ. ಹಕ್ಕಿಯ ಕೋಶಗಳಿಗೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾ ಕೂಡ ಒಂದು ಕಾಲದಲ್ಲಿ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾವೇ, ಆದರೆ ಬೇರೆ ಕುಟುಂಬದ್ದು. ಹಕ್ಕಿ ಉಸಿರಾಡುವ ಆಮ್ಲಜನಕವನ್ನು ಭೂಮಿಯ ಗಾಳಿಗೆ ಮೊದಲು ತುಂಬಿಸಿದ್ದು ಮಾತ್ರ ಮೈಕ್ರೋಸಿಸ್ಟಿಸ್‌ನ ಪೂರ್ವಿಕ ಬಳಗ.