ಟ್ರೌಟ್ ಮೀನಿಗೆ ಡ್ರೈ ಫ್ಲೈ: ಯಾವ ರಾಡ್ ಕೊಳ್ಳಬೇಕು?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ಉದ್ಯೋಗದಲ್ಲಿದ್ದೇನೆ. ಕಳೆದ ವರ್ಷ ಸಹೋದ್ಯೋಗಿಯೊಬ್ಬರು ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳಿಗೆ ಕರೆದುಕೊಂಡು ಹೋಗಿ, ಬೀವರ್‌ಕಿಲ್ ಹೊಳೆಯಲ್ಲಿ ತಮ್ಮ ರಾಡ್ (ಗಾಳದ ಕೋಲು) ಕೊಟ್ಟು ಟ್ರೌಟ್ ಹಿಡಿಯುವುದನ್ನು ಕಲಿಸಿದರು. ನೀರಿನ ಮೇಲೆ ತೇಲುತ್ತಿರುವ ಕೃತಕ ಕೀಟವನ್ನು, ಅಂದರೆ ಡ್ರೈ ಫ್ಲೈಯನ್ನು, ಮೀನು ಮೇಲೆದ್ದು ಬಂದು ಕಚ್ಚುವುದನ್ನು ಕಂಡ ಮೇಲೆ ನನಗೆ ಬೇರೆ ವಿಧಾನಗಳಲ್ಲಿ ಆಸಕ್ತಿ ಉಳಿದಿಲ್ಲ. ಸ್ವಂತ ರಾಡ್ ಕೊಳ್ಳಲು ಹೋದಾಗ ಅಂಗಡಿಯವರು 9 ಅಡಿಯ, 5 ನಂಬರ್‌ನ ಫಾಸ್ಟ್ ಆಕ್ಷನ್ ರಾಡ್ ಒಂದನ್ನು ತೋರಿಸಿ, ಇದು ಎಲ್ಲಕ್ಕೂ ಆಗುತ್ತದೆ ಎಂದರು. ಬೆಲೆ 800 ಡಾಲರ್. ಕೊಳ್ಳಬಹುದೇ?
– ಓದುಗರು, ಎಡಿಸನ್

ಉತ್ತರ: ಅಂಗಡಿಯವರ ಸಲಹೆ ತಪ್ಪೇನಲ್ಲ. ನೀರಿನೊಳಗೆ ಮುಳುಗುವ ಫ್ಲೈಯಾದ ನಿಂಫ್, ಸಣ್ಣ ಮೀನನ್ನು ಹೋಲುವ ಭಾರದ ಸ್ಟ್ರೀಮರ್, ಡ್ರೈ ಫ್ಲೈ ಈ ಮೂರನ್ನೂ ಒಂದೇ ರಾಡ್‌ನಲ್ಲಿ ನಿಭಾಯಿಸಬೇಕೆನ್ನುವವರಿಗೆ ಅಂಥದ್ದೇ ಬೇಕು. ಆದರೆ ಡ್ರೈ ಫ್ಲೈ ಹೊರತು ಬೇರೇನೂ ಬೇಡವೆಂದು ನೀವೇ ಬರೆದಿರುವುದರಿಂದ, ಎಂಟೂವರೆಯಿಂದ ಒಂಬತ್ತು ಅಡಿಯೊಳಗಿನ, 4 ನಂಬರ್‌ನ, ಮೀಡಿಯಂ (ನಡುವಿನವರೆಗೂ ಬಾಗುವ) ಅಥವಾ ಹೆಚ್ಚೆಂದರೆ ಮೀಡಿಯಂ ಫಾಸ್ಟ್ ಆಕ್ಷನ್‌ನ ರಾಡ್ ಕೊಳ್ಳಿ ಎಂದು ಹೇಳುತ್ತೇನೆ. ಅದಕ್ಕೆ 800 ಡಾಲರ್ ಸುರಿಯುವ ಅಗತ್ಯವೂ ಇಲ್ಲ.

ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಕೊಕ್ಕೆಗೆ ಸುತ್ತಿದ ಕೋಳಿಗರಿ ಮತ್ತು ಚಿಟಿಕೆ ತುಪ್ಪಳದಿಂದಾದ ಡ್ರೈ ಫ್ಲೈಗೆ ಅಂಥ ಭಾರವೆಲ್ಲಿಂದ ಬರಬೇಕು? ಆದ್ದರಿಂದ ಇಲ್ಲಿ ಎಸೆಯಬೇಕಾದದ್ದು ಲೈನನ್ನೇ, ಅಂದರೆ ದಾರವನ್ನೇ. ಬಾರುಕೋಲಿನ ಬಾರಿನಂತೆ ತುದಿಯತ್ತ ಸಪೂರವಾಗುತ್ತ ಹೋಗುವ ಲೈನ್‌ನ ಭಾರಕ್ಕೆ ರಾಡ್ ಬಾಗುತ್ತದೆ. ಬಾಗಿದ ರಾಡ್ ಮತ್ತೆ ನೆಟ್ಟಗಾಗುವಾಗ ಲೈನ್ ಮುಂದಕ್ಕೆ ಬಿಚ್ಚಿಕೊಳ್ಳುತ್ತದೆ. ರಾಡ್‌ನ ಮೇಲೆ ಬರೆದಿರುವ ನಂಬರ್ ಅದಕ್ಕೆ ಹೊಂದುವ ಲೈನ್‌ನ ನಂಬರೇ ಆಗಿದ್ದು, ಅದು ಲೈನ್‌ನ ಮುಂಭಾಗದ 30 ಅಡಿಯ ತೂಕದಿಂದ ನಿರ್ಧಾರವಾಗುತ್ತದೆ. 4 ನಂಬರ್ ಲೈನ್‌ಗೆ 120 ಗ್ರೇನ್, ಅಂದರೆ ಸುಮಾರು 7.8 ಗ್ರಾಂ, 5 ನಂಬರ್‌ಗೆ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ.

ಈಗ ಬೀವರ್‌ಕಿಲ್‌ನಲ್ಲಿ ನೀವು ಎಷ್ಟು ದೂರ ಎಸೆದಿರೆಂಬುದನ್ನು ನೆನಪಿಸಿಕೊಳ್ಳಿ. ಮೇಲೇಳುವ ಟ್ರೌಟ್‌ಗೆ ಹೆಚ್ಚಿನ ಸಲ 25ರಿಂದ 40 ಅಡಿ ದೂರದಿಂದ ಎಸೆಯುವುದು ರೂಢಿ. ಮೀನು 35 ಅಡಿ ದೂರದಲ್ಲಿದೆ ಎಂದುಕೊಂಡರೆ, ಅದರಲ್ಲಿ ರಾಡ್‌ನ ಉದ್ದ ಸುಮಾರು 9 ಅಡಿ, ಲೈನ್‌ನ ತುದಿಗೆ ಕಟ್ಟುವ ಪಾರದರ್ಶಕ ಲೀಡರ್ 9ರಿಂದ 12 ಅಡಿ. ರಾಡ್‌ನ ತುದಿಯಿಂದ ಹೊರಗೆ ಉಳಿಯುವ ಲೈನ್ ಹದಿನೈದು ಅಡಿಯ ಆಸುಪಾಸು. ಯಾವ 30 ಅಡಿಯ ತೂಕಕ್ಕೆಂದು ರಾಡ್‌ಗೆ ನಂಬರ್ ಕೊಡಲಾಗಿದೆಯೋ ಅದರ ಅರ್ಧ ತೂಕವೂ ಆಗ ಅದರ ಮೇಲೆ ಬೀಳುತ್ತಿರುವುದಿಲ್ಲ. ತುದಿಯೊಂದನ್ನು ಬಿಟ್ಟು ಉಳಿದೆಡೆ ಬಿರುಸಾಗಿರುವ ಫಾಸ್ಟ್ ರಾಡ್ ಇಷ್ಟು ಕಡಿಮೆ ಭಾರಕ್ಕೆ ಬಾಗಲು ಒಪ್ಪುವುದಿಲ್ಲ. ಆ ಕೊರತೆಯನ್ನು ಹೊಸಬರು ತೋಳಿನ ಬಲದಿಂದ ತುಂಬಲು ಹೋಗುತ್ತಾರೆ, ಲೈನ್ ನೀರಿಗೆ ರಪ್ಪನೆ ಬಡಿಯುತ್ತದೆ, ಮೀನು ಮಾಯವಾಗುತ್ತದೆ. ನಡುವಿನವರೆಗೂ ಬಾಗುವ ರಾಡ್ ಈ ಹದಿನೈದು ಅಡಿಯ ಲೈನನ್ನು ತಾನಾಗಿಯೇ ಸಾವಕಾಶವಾಗಿ ಬಿಚ್ಚಿ ಇಳಿಸುತ್ತದೆ.

ಹಾಗಿದ್ದೂ ಅಂಗಡಿಗಳಲ್ಲಿ ಫಾಸ್ಟ್ ರಾಡ್‌ಗಳೇ ಏಕೆ ತುಂಬಿವೆ ಎಂದು ನೀವು ಕೇಳಬಹುದು. ಸೀಳಿದ ಬಿದಿರಿನಿಂದ ಮಾಡುತ್ತಿದ್ದ ರಾಡ್‌ಗಳ ಜಾಗಕ್ಕೆ ಎರಡನೆಯ ಮಹಾಯುದ್ಧದ ನಂತರ ಫೈಬರ್‌ಗ್ಲಾಸ್ ಬಂತು, 1970ರ ದಶಕದಲ್ಲಿ ಗ್ರ್ಯಾಫೈಟ್ ಬಂತು. ಗ್ರ್ಯಾಫೈಟ್ ಸುಧಾರಿಸಿದಂತೆಲ್ಲ ರಾಡ್‌ಗಳು ಹಗುರವೂ ಬಿರುಸೂ ಆಗುತ್ತ ಬಂದವು. ಅಂಗಡಿಯ ಹಿಂದಿನ ಹುಲ್ಲುಹಾಸಿನ ಮೇಲೆ 70 ಅಡಿ ಎಸೆದು ನೋಡಿದರೆ ಅಂಥ ರಾಡ್ ಯಾರನ್ನಾದರೂ ಮರುಳು ಮಾಡುತ್ತದೆ. ಇನ್ನೊಂದು ವಿಷಯವನ್ನೂ ಗಮನಿಸಿ: ಇತ್ತೀಚಿನ ಎಷ್ಟೋ ಲೈನ್‌ಗಳು ತಮ್ಮ ನಂಬರ್‌ಗೆ ನಿಗದಿಯಾದ ತೂಕಕ್ಕಿಂತ ಅರ್ಧ ಅಥವಾ ಒಂದು ನಂಬರ್ ಹೆಚ್ಚೇ ತೂಗುತ್ತವೆ. ಬಿರುಸು ರಾಡ್‌ಗಳನ್ನು ಬಾಗಿಸಲೆಂದೇ ಹಾಗೆ ಮಾಡಲಾಗಿದೆ. ರಾಡ್‌ಗೆ ಒಂದು ನಂಬರ್ ಬರೆದು, ಅದು ಬಾಗದಿದ್ದಾಗ ಲೈನನ್ನು ಭಾರ ಮಾಡುವ ಈ ವ್ಯಾಪಾರ ನನಗಂತೂ ಸರಿಕಾಣುವುದಿಲ್ಲ. ಮೀಡಿಯಂ ಆಕ್ಷನ್ ರಾಡ್ ಕೊಂಡರೆ, ಪೆಟ್ಟಿಗೆಯ ಮೇಲಿನ ವಿವರ ಓದಿ, ನಿಗದಿತ ತೂಕದ ತೇಲುವ ಲೈನನ್ನೇ ಆರಿಸಿಕೊಳ್ಳಿ.

ಮೃದುವಾದ ರಾಡ್‌ನಿಂದ ಇನ್ನೊಂದು ಲಾಭವಿದೆ. ಲೀಡರ್‌ನ ಕೊನೆಯ ಭಾಗವಾದ ಟಿಪ್ಪೆಟ್ ಡ್ರೈ ಫ್ಲೈಗೆ ಸಾಮಾನ್ಯವಾಗಿ 5ಎಕ್ಸ್ ಅಥವಾ 6ಎಕ್ಸ್ ಇರುತ್ತದೆ. 5ಎಕ್ಸ್‌ನ ದಪ್ಪ 0.15 ಮಿಲಿಮೀಟರ್, 6ಎಕ್ಸ್ ಅದಕ್ಕಿಂತಲೂ ಸಪೂರ. ಮೀನು ಬಾಯಿ ಹಾಕಿದ್ದನ್ನು ಕಣ್ಣಾರೆ ಕಂಡು ರಾಡ್ ಎತ್ತುವ ಆಟ ಇದಾದ್ದರಿಂದ, ಉದ್ವೇಗದಲ್ಲಿ ಎಲ್ಲರೂ ಬೇಕಾದದ್ದಕ್ಕಿಂತ ಜೋರಾಗಿಯೇ ಎತ್ತುತ್ತಾರೆ. ಆ ಜಗ್ಗನ್ನು ರಾಡ್‌ನ ತುದಿ ನುಂಗಿಕೊಳ್ಳದಿದ್ದರೆ ಟಿಪ್ಪೆಟ್ ಹರಿಯುತ್ತದೆ.

ಉದ್ದದ ವಿಷಯದಲ್ಲಿ ಹೊಳೆಯ ಅಗಲವೇ ತೀರ್ಮಾನಿಸುತ್ತದೆ. ನೀವು ಮತ್ತು ಮೀನಿನ ನಡುವೆ ಹರಿಯುವ ನೀರಿನ ವೇಗ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲವಾದ್ದರಿಂದ, ನಡುವಿನ ರಭಸದ ಪಟ್ಟಿಯೊಂದು ಲೈನನ್ನು ಎಳೆದು, ಅದರ ಹಿಂದೆ ಫ್ಲೈ ನೀರನ್ನು ಗೀರಿಕೊಂಡು ಹೋಗುವಂತೆ ಮಾಡುತ್ತದೆ. ನಿಜವಾದ ಮೇಫ್ಲೈ (ಹೊಳೆಯಲ್ಲಿ ಹುಟ್ಟುವ ರೆಕ್ಕೆಯ ಕೀಟ) ಹಾಗೆ ಹೋಗುವುದಿಲ್ಲವೆಂಬುದು ಟ್ರೌಟ್‌ಗೆ ಚೆನ್ನಾಗಿ ಗೊತ್ತು. ಬೀವರ್‌ಕಿಲ್‌ನ ಕೆಳಭಾಗದಲ್ಲಿರುವ ಬ್ರೌನ್ ಟ್ರೌಟ್‌ಗಳಂತೂ, 1883ರಲ್ಲಿ ಜರ್ಮನಿಯಿಂದ ಮೊಟ್ಟೆಗಳಾಗಿ ಅಮೆರಿಕಕ್ಕೆ ಬಂದ ಆ ಜಾತಿ, ಸ್ಥಳೀಯ ಬ್ರೂಕ್ ಟ್ರೌಟ್‌ಗಿಂತ ಬಹಳ ಹೆಚ್ಚು ಶಂಕೆಯ ಸ್ವಭಾವದವು. ಉದ್ದದ ರಾಡ್ ಇದ್ದರೆ ಆ ರಭಸದ ಪಟ್ಟಿಯಿಂದ ಲೈನನ್ನು ಎತ್ತಿ ಹಿಡಿಯಬಹುದು, ಅಥವಾ ಪ್ರವಾಹಕ್ಕೆ ಎದುರಾಗಿ ಮಡಚಿ ಹಾಕಬಹುದು. ಬೀವರ್‌ಕಿಲ್ ಮತ್ತು ಅದರ ಉಪನದಿ ವಿಲ್ಲೋವೀಮಾಕ್‌ಗಳ ತೆರೆದ ನೀರಿಗೆ 9 ಅಡಿ ಸರಿ. ಮರದ ಕೊಂಬೆಗಳು ಬಾಗಿಕೊಂಡಿರುವ ಮೇಲಿನ ಸಣ್ಣ ತೊರೆಗಳಿಗೆ ಏಳೂವರೆ ಅಡಿಯ 3 ನಂಬರ್ ರಾಡ್ ಚೆನ್ನ, ಆದರೆ ಅದು ಎರಡನೆಯ ರಾಡ್‌ನ ಮಾತು.

ಏಪ್ರಿಲ್ ಕೊನೆಯಲ್ಲಿ ಏಳುವ ಹೆಂಡ್ರಿಕ್‌ಸನ್ ಮೇಫ್ಲೈಗೆ ಬಳಸುವ 12–14ರ ಕೊಕ್ಕೆಯನ್ನೂ ಬೇಸಿಗೆಯ ಪುಟ್ಟ ಮೇಫ್ಲೈಯಾದ ಟ್ರೈಕೋಗೆ ಬೇಕಾದ 22–24ರ ಅತಿ ಸಣ್ಣ ಕೊಕ್ಕೆಯನ್ನೂ 4 ನಂಬರ್ ರಾಡ್ ಒಂದೇ ಸಮನಾಗಿ ನಿಭಾಯಿಸುತ್ತದೆ. ಹಾಗೆಂದು 2 ನಂಬರ್‌ಗೆ ಇಳಿಯಬೇಡಿ. ಅತಿ ಹಗುರ ರಾಡ್‌ನಲ್ಲಿ ದೊಡ್ಡ ಮೀನನ್ನು ದಡಕ್ಕೆ ತರುವಷ್ಟರಲ್ಲಿ ಅದು ಬಸವಳಿದು, ಬಿಟ್ಟರೂ ಬದುಕದೆ ಹೋಗಬಹುದು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಸಮೀಪಿಸುವ ಜುಲೈ–ಆಗಸ್ಟ್‌ನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಆ ಮಟ್ಟ ದಾಟಿದ ದಿನ ಯಾವ ರಾಡ್ ಆದರೂ ಕಾರಿನಲ್ಲೇ ಇರಲಿ.

ನನ್ನ ಸಲಹೆ ಬದಲಾಗುವ ಸಂದರ್ಭವೊಂದಿದೆ. ಮುಂದೆ ನಿಮ್ಮ ಓಡಾಟ ಡೆಲಾವೇರ್ ನದಿಯ ಪಶ್ಚಿಮ ಕವಲಿಗೆ ಹೊರಳುವುದಾದರೆ 5 ನಂಬರ್ ರಾಡನ್ನೇ ತೆಗೆದುಕೊಳ್ಳಿ. ಕ್ಯಾನನ್ಸ್‌ವಿಲ್ ಜಲಾಶಯದ ತಳದಿಂದ ಬಿಡುವ ನೀರಿನಿಂದಾಗಿ ಬೇಸಿಗೆಯಲ್ಲೂ ತಣ್ಣಗಿರುವ ಆ ನದಿ ಅಗಲವಾಗಿದೆ, ಗಾಳಿಯೂ ಜೋರು, ಮೀನೂ ದೂರದಿಂದಲೇ ಮನುಷ್ಯರನ್ನು ಗುರುತಿಸುತ್ತದೆ. ಅಲ್ಲಿ 50 ಅಡಿ ಎಸೆಯಬೇಕಾದ ಪ್ರಸಂಗಗಳು ಸಾಮಾನ್ಯ.

ಕೊಳ್ಳುವ ಮೊದಲು ಅಂಗಡಿಯವರಿಂದ 4 ನಂಬರ್ ಲೈನ್, ಲೀಡರ್, ತುದಿಗೊಂದು ಉಣ್ಣೆಯ ಚೂರು ಕಟ್ಟಿಸಿಕೊಂಡು ಹುಲ್ಲಿನ ಮೇಲೆ 30 ಅಡಿ ದೂರದಲ್ಲಿ ಟೋಪಿಯಿಟ್ಟು ಎಸೆದು ನೋಡಿ. ನಂತರ ಟೋಪಿಯನ್ನು 20 ಅಡಿಗೆ ತನ್ನಿ. ಅಷ್ಟು ಹತ್ತಿರದಲ್ಲೂ ರಾಡ್ ಬಾಗುವುದು ಅಂಗೈಗೆ ತಿಳಿಯಬೇಕು. 200ರಿಂದ 300 ಡಾಲರ್‌ನೊಳಗೆ ಅಂಥ ರಾಡ್ ಸಿಗುತ್ತದೆ. ಉಳಿದ ಹಣದಲ್ಲಿ ಒಳ್ಳೆಯ ಲೈನ್ ಕೊಳ್ಳಿ. ಇಷ್ಟು ಅಳತೆಯ ಟ್ರೌಟ್‌ಗೆ ರೀಲ್ ಎಂಬುದು ಬಹುಮಟ್ಟಿಗೆ ಲೈನ್ ಸುತ್ತಿಡುವ ಸಾಧನ, ಸರಳವಾದದ್ದು ಸಾಕು. ಬಿದಿರಿನ ರಾಡ್‌ನ ಆಸೆಯನ್ನು ಸದ್ಯಕ್ಕೆ ಮುಂದೂಡಿ.

ಪ್ರಶ್ನೆ: ಹಿಮಾಚಲದ ತೀರ್ಥನ್ ಕಣಿವೆಗೆ ಹೋಗುವ ಯೋಚನೆಯಿದೆ. ಅಲ್ಲಿನ ಟ್ರೌಟ್‌ಗೆ ಡ್ರೈ ಫ್ಲೈ ನಡೆಯುತ್ತದೆಯೇ? ಯಾವ ರಾಡ್ ಒಯ್ಯಬೇಕು?
– ಓದುಗರು, ಶಿವಮೊಗ್ಗ

ಉತ್ತರ: ನಡೆಯುತ್ತದೆ, ಆದರೆ ನೀರು ತಿಳಿಯಾಗಿರುವಾಗ ಮಾತ್ರ. ಹಿಮ ಕರಗಿ ಹೊಳೆ ತುಂಬಿ ಬರುವ ಬೇಸಿಗೆಯ ಕೊನೆ ಮತ್ತು ಮಳೆಗಾಲದ ಕೆಂಪುನೀರಿನಲ್ಲಿ ಡ್ರೈ ಫ್ಲೈಯನ್ನು ಮೀನು ಕಾಣುವುದೇ ಕಷ್ಟ. ಮಾರ್ಚ್–ಏಪ್ರಿಲ್ ಅಥವಾ ಮಳೆ ನಿಂತ ಮೇಲಿನ ಅಕ್ಟೋಬರ್ ವಾಸಿ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಟ್ರೌಟ್ ಹಿಡಿಯುವುದಕ್ಕೆ ಅಲ್ಲಿ ನಿಷೇಧವಿದೆ. ಬಂಡೆಗಳ ನಡುವೆ ಧುಮುಕುವ ನೀರಿನಲ್ಲಿ ಸಣ್ಣ ಸಣ್ಣ ಮಡುಗಳಿಗೆ ಹತ್ತಿರದಿಂದಲೇ ಎಸೆಯಬೇಕಾದ್ದರಿಂದ, ಎಂಟೂವರೆ ಅಡಿಯ 4 ನಂಬರ್ ರಾಡ್ ಸಾಕಾಗುತ್ತದೆ. ನೊರೆಯ ಮೇಲೂ ತೇಲುವಂಥ, ಗರಿ ದಟ್ಟವಾಗಿ ಸುತ್ತಿದ ಫ್ಲೈಗಳಿರಲಿ. ಬಸ್ಸು, ಜೀಪುಗಳ ಪ್ರಯಾಣವಾದ್ದರಿಂದ ನಾಲ್ಕು ತುಂಡುಗಳಾಗಿ ಬಿಚ್ಚಬಹುದಾದ ರಾಡನ್ನೇ, ಗಟ್ಟಿಯಾದ ಕೊಳವೆಯೊಳಗಿಟ್ಟು ಒಯ್ಯಿರಿ. ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನು ಹೊಳೆಗಿಳಿಯುವ ಮೊದಲೇ ಪಡೆದಿರಬೇಕು.